ಕೀಲಿ ಹಾಕಿದ ಕಪಾಟು, ಖಾಲಿ ಎರವಲು ವಹಿ: ಊರ ಗ್ರಂಥಾಲಯವನ್ನು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೊಸದಾಗಿ ಮೇಲ್ವಿಚಾರಕಿಯಾಗಿ ಬಂದಿದ್ದೇನೆ. ಗ್ರಂಥಾಲಯ ವಿಜ್ಞಾನ ಓದಿದವಳಲ್ಲ. ವಹಿಯ ಪ್ರಕಾರ 1,800 ಪುಸ್ತಕಗಳಿವೆ. ಎಲ್ಲವೂ ಐದು ಕಬ್ಬಿಣದ ಕಪಾಟುಗಳಲ್ಲಿ ಕೀಲಿಯೊಳಗಿವೆ. ಮುಂಜಾನೆ ಪೇಪರ್ ಓದಲು ಹಿರಿಯರು ಬರುತ್ತಾರೆ, ಆಮೇಲೆ ದಿನವಿಡೀ ಪರೀಕ್ಷೆಗೆ ಓದುವ ಹುಡುಗರು. ಹೆಣ್ಣುಮಕ್ಕಳಾಗಲಿ ಸಣ್ಣ ಮಕ್ಕಳಾಗಲಿ ಬರುವುದಿಲ್ಲ. ಪುಸ್ತಕ ಮನೆಗೆ ಒಯ್ಯುವವರು ತಿಂಗಳಿಗೆ ಹತ್ತು ಮಂದಿಯೂ ಇಲ್ಲ. ಹೊಸ ಪುಸ್ತಕಗಳಿಗಾಗಿ ಪಂಚಾಯಿತಿಗೆ ಬೇಡಿಕೆ ಪಟ್ಟಿ ಕೊಡಬೇಕೆಂದಿದ್ದೇನೆ. ಸರಿಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಬೇಡಿಕೆ ಪಟ್ಟಿ ಕೊಡಿ, ಆದರೆ ಮೂರು ತಿಂಗಳು ತಡೆದು ಕೊಡಿ. ಈಗ ತಂದ ಪುಸ್ತಕಗಳೂ ಅದೇ ಕೀಲಿಯೊಳಗೆ ಸೇರುತ್ತವೆ, ಎರವಲು ವಹಿ ಈಗಿರುವಷ್ಟೇ ಖಾಲಿ ಇರುತ್ತದೆ. ಮೊದಲು ಇರುವುದನ್ನು ಎಣಿಸಿ, ಕಪಾಟು ತೆರೆಯಿರಿ, ಊರಿನವರು ಯಾವ ಹೊತ್ತಿಗೆ ಬರಬಲ್ಲರು ಎಂಬುದನ್ನು ನೋಡಿ ಬಾಗಿಲಿನ ಹೊತ್ತು ಬದಲಿಸಿ. ಏನು ಕೊಳ್ಳಬೇಕು ಎಂಬುದು ಆ ಮೂರು ಕೆಲಸಗಳಿಂದ ತಾನಾಗಿ ಹೊರಬರುತ್ತದೆ.

ಕಪಾಟಿಗೆ ಕೀಲಿ ಬೀಳುವುದು ಸೋಮಾರಿತನದಿಂದಲ್ಲ, ಭಯದಿಂದ. ಒಂದು ಪುಸ್ತಕ ಕಡಿಮೆಯಾದರೂ ತನ್ನ ತಲೆಗೆ ಬಂದೀತು ಎಂಬ ಅಂಜಿಕೆ ಪ್ರತಿಯೊಬ್ಬ ಮೇಲ್ವಿಚಾರಕರಿಗೂ ಇರುತ್ತದೆ. ಆದ್ದರಿಂದ ಕೀಲಿ ತೆಗೆಯುವ ಮೊದಲು ಪುಸ್ತಕ ತಾಳೆ ಮಾಡಿ ಮುಗಿಸಿ. ಚಾರ್ಜ್ ತೆಗೆದುಕೊಳ್ಳುವಾಗಲೇ ಇದು ಆಗಬೇಕಿತ್ತು. ಆಗದಿದ್ದರೆ ಈಗಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಒಂದು ಪತ್ರ ಬರೆದು, ತಾಳೆ ನೋಡಲು ಒಬ್ಬ ಸಿಬ್ಬಂದಿಯನ್ನು ಜೊತೆಗೆ ಕೊಡುವಂತೆ ಕೇಳಿ. ಹಿಂದೆ ಇದ್ದವರು ಊರಲ್ಲೇ ಇದ್ದರೆ ಅವರನ್ನೂ ಕರೆಯಿರಿ. ಒಬ್ಬರು ಪುಸ್ತಕ ತೆಗೆದು ಅದರ ಪರಿಗ್ರಹಣ ಸಂಖ್ಯೆ, ಅಂದರೆ ವಹಿಗೆ ಏರಿಸುವಾಗ ಪುಸ್ತಕಕ್ಕೆ ಕೊಟ್ಟ ಕ್ರಮಸಂಖ್ಯೆ, ಹೇಳಬೇಕು, ಇನ್ನೊಬ್ಬರು ವಹಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಬೇಕು. ಗಂಟೆಗೆ ಎಂಬತ್ತರಿಂದ ನೂರು ಪುಸ್ತಕ ಆಗುತ್ತವೆ. ದಿನಕ್ಕೆ ಎರಡು ಗಂಟೆ ಕೊಟ್ಟರೆ ಹತ್ತು ಹನ್ನೆರಡು ದಿನದ ಕೆಲಸ. ಕಪಾಟಿನ ಕ್ರಮದಲ್ಲಿ ಹೋಗಿ. ವಹಿಯ ಕ್ರಮದಲ್ಲಿ ಹುಡುಕಲು ಹೋದರೆ ಒಂದು ಪುಸ್ತಕಕ್ಕೆ ಐದೂ ಕಪಾಟು ತಿರುವಿ ಹಾಕಬೇಕಾಗುತ್ತದೆ, ಮೂರನೇ ದಿನಕ್ಕೆ ಕೆಲಸ ನಿಲ್ಲುತ್ತದೆ.

ಕೊನೆಗೆ ನಿಮ್ಮ ಕೈಯಲ್ಲಿ ನಾಲ್ಕು ಪಟ್ಟಿ ಇರಬೇಕು: ಇರುವವು, ಎರವಲು ಹೋದವು, ಕಾಣದವು, ಹರಿದು ಹಾಳಾದವು. ಸಂಖ್ಯೆಯೇ ಇಲ್ಲದ ಪುಸ್ತಕಗಳೂ ಸಿಗುತ್ತವೆ. ಅವು ಹೆಚ್ಚಾಗಿ ದಾನವಾಗಿ ಬಂದು ವಹಿಗೆ ಏರದೇ ಉಳಿದಂಥವು. ಅವನ್ನು ವಹಿಯ ಕೊನೆಯ ಸಂಖ್ಯೆಯ ಮುಂದೆ ಹೊಸದಾಗಿ ಬರೆಯಿರಿ. ಕಳೆದ ಪುಸ್ತಕದ ಖಾಲಿಯಾದ ಸಂಖ್ಯೆಯನ್ನು ಇನ್ನೊಂದಕ್ಕೆ ಎಂದೂ ಕೊಡಬೇಡಿ. ವಹಿಯಲ್ಲಿ ಅಳಿಸುವುದು, ಬಿಳಿ ಶಾಯಿ ಬಳಿಯುವುದು, ಹಾಳೆ ಕೀಳುವುದು ಬೇಡವೇ ಬೇಡ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ನಾಲ್ಕೂ ಪಟ್ಟಿಗೆ ಪಿಡಿಒ ಸಹಿ ಪಡೆದು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆ ತಾರೀಖಿನ ಹಿಂದೆ ಕಳೆದದ್ದು ನಿಮ್ಮ ಹೊಣೆಯಲ್ಲ ಎಂಬುದಕ್ಕೆ ಅದೇ ದಾಖಲೆ.

ಮುಂದೆ ಕಳೆಯುವುದರ ಬಗ್ಗೆ ಹೇಳುವುದಾದರೆ, ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳಿಗೆಂದೇ ಒಂದು ನಿಯಮವಿದೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜ ನಷ್ಟವೆಂದು ಒಪ್ಪಬಹುದು. 1,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ಕಚೇರಿಗಳಿಗೆ ಮಾಡಿದ ನಿಯಮ. ನಿಮ್ಮಲ್ಲಿ ಪುಸ್ತಕವನ್ನು ವಹಿಯಿಂದ ತೆಗೆಯಲು ಪಂಚಾಯಿತಿ ಸಭೆಯ ಠರಾವು ಬೇಕು. ಆದರೂ ಪುಸ್ತಕ ಓಡಾಡಿದರೆ ಕೆಲವು ಕಳೆಯುತ್ತವೆ ಎಂಬುದನ್ನು ಸರ್ಕಾರಿ ನಿಯಮವೇ ಒಪ್ಪಿದೆ ಎಂದು ಸಭೆಯಲ್ಲಿ ತೋರಿಸಲು ಇದು ಒಳ್ಳೆಯ ಆಧಾರ. ನೆನಪಿಡಿ, ಕೀಲಿ ಹಾಕಿದ ಕಪಾಟಿನಲ್ಲೂ ನಷ್ಟವಾಗುತ್ತದೆ. ಅಲ್ಲಿ ಕಳ್ಳರ ಬದಲು ಗೆದ್ದಲು ಬರುತ್ತದೆ.

ಈಗ ಒಂದು ಸರಳ ಲೆಕ್ಕ ಮಾಡಿ. ಮೂರು ಅಡಿ ಅಗಲದ ಕಪಾಟಿನ ಒಂದು ಹಲಗೆಯ ಮೇಲೆ ಸಾಮಾನ್ಯ ದಪ್ಪದ ಕನ್ನಡ ಪುಸ್ತಕಗಳು ಐವತ್ತರ ಆಸುಪಾಸು ನಿಲ್ಲುತ್ತವೆ. ಐದು ಹಲಗೆಯ ಐದು ಕಪಾಟು ಎಂದರೆ 1,250. ನಿಮ್ಮಲ್ಲಿ 1,800 ಇವೆ. ಅಂದರೆ ಅವು ಎರಡು ಸಾಲಿನಲ್ಲಿ ನಿಂತಿವೆ, ಇಲ್ಲವೇ ಒಂದರ ಮೇಲೊಂದು ಮಲಗಿವೆ. ಹಿಂದಿನ ಸಾಲಿನಲ್ಲಿರುವುದನ್ನು ಓದುಗರು ಕಾಣುವುದೇ ಇಲ್ಲ. ಕಾಣದ ಪುಸ್ತಕವನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಹೊಸದನ್ನು ತರುವ ಮಾತಿಗಿಂತ ಮುಂಚೆ ಹಳೆಯದನ್ನು ತೆಗೆಯುವ ಮಾತು ಬರಬೇಕು.

ಯಾವುದನ್ನು ತೆಗೆಯಬೇಕು? ಮೊದಲಿಗೆ ಪರೀಕ್ಷಾ ಗೈಡುಗಳು. ಎರಡು ಮೂರು ವರ್ಷ ದಾಟಿದ ಸಾಮಾನ್ಯ ಜ್ಞಾನದ ಪುಸ್ತಕ ಓದುವವರಿಗೆ ಹಾನಿಯನ್ನೇ ಮಾಡುತ್ತದೆ. ಕರ್ನಾಟಕದಲ್ಲಿ 30 ಜಿಲ್ಲೆ ಎಂದು ಬರೆದದ್ದು 2021ರಲ್ಲಿ ವಿಜಯನಗರ ಜಿಲ್ಲೆ ಆಗುವುದಕ್ಕಿಂತ ಹಿಂದಿನದು. ಮಾರಾಟ ತೆರಿಗೆಯ ಕೈಪಿಡಿ 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಉಪಯೋಗಕ್ಕಿಲ್ಲ. ಭಾರತೀಯ ದಂಡ ಸಂಹಿತೆಯ ಪುಸ್ತಕಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿದೆ, ಕಲಂಗಳ ಸಂಖ್ಯೆಗಳೇ ಬೇರೆ. ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹಳೆಯದನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಅವನ ಒಂದು ವರ್ಷ ಹೋಗುತ್ತದೆ. ಇವುಗಳ ಜೊತೆಗೆ ಬೂಸ್ಟು ಹಿಡಿದವು, ಹಾಳೆ ಮುಟ್ಟಿದರೆ ಮುರಿಯುವವು, ಒಂದೇ ಪುಸ್ತಕದ ಐದಾರು ಪ್ರತಿಗಳಲ್ಲಿ ಎರಡನ್ನು ಬಿಟ್ಟು ಮಿಕ್ಕವು. ಹೀಗೆ ಆರಿಸಿದವನ್ನು ರದ್ದಿಗೆ ಹಾಕುವ ಅವಸರ ಬೇಡ. ಬೇರೆಯಾಗಿ ಕಟ್ಟಿಟ್ಟು, ಪಟ್ಟಿ ಮಾಡಿ, ಠರಾವು ಆಗುವವರೆಗೆ ಕಾಯಿರಿ.

ಹಳೆಯದಾದರೂ ತೆಗೆಯಬಾರದವು ಇವೆ. ನಮ್ಮ ಭಾಗದ ಇತಿಹಾಸದ ಪುಸ್ತಕ, ಜಾತ್ರೆಯ ಮತ್ತು ಶಾಲೆಯ ಸ್ಮರಣ ಸಂಚಿಕೆ, ಶಾಸನಗಳ ಸಂಪುಟ, ಹಳೆಯ ಧಾರವಾಡ ಜಿಲ್ಲಾ ಗ್ಯಾಝೆಟಿಯರ್, ಅಂದರೆ ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ. ಗದಗ, ಹಾವೇರಿ ಎರಡೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದುದರಿಂದ ನಿಮ್ಮ ತಾಲ್ಲೂಕಿನ ವಿವರ ಆ ಗ್ಯಾಝೆಟಿಯರ್‌ನೊಳಗೇ ಇರುತ್ತದೆ. ಇಂಥವನ್ನು ಎರವಲು ಕೊಡದೆ ಒಂದು ಕಪಾಟಿನಲ್ಲಿ ಇಡಿ. ಕೀಲಿ ಬೇಕಾದದ್ದು ಈ ಒಂದೇ ಕಪಾಟಿಗೆ.

ಜೋಡಣೆಗೆ ಪ್ರತಿ ವಿಷಯಕ್ಕೂ ಒಂದು ಅಂಕಿ ಕೊಡುವ ಡ್ಯೂಯಿ ದಶಮಾಂಶ ಪದ್ಧತಿ ಸಾಕು, ಅದೂ ಮೂರಂಕಿಯವರೆಗೆ. ಕಾನೂನು 340, ಆರೋಗ್ಯ 610, ಕೃಷಿ 630, ದನಕರು ಸಾಕಣೆ 636, ಅಡುಗೆ 641. ತೊಡಕು ಬರುವುದು ಸಾಹಿತ್ಯದಲ್ಲಿ. ಕನ್ನಡ ಸಾಹಿತ್ಯ ಪೂರ್ತಿ 894.814ರ ಕೆಳಗೆ ಬರುತ್ತದೆ, ನಿಮ್ಮ ಅರ್ಧ ಗ್ರಂಥಾಲಯ ಅದೊಂದರಲ್ಲೇ ಸೇರಿಬಿಡುತ್ತದೆ. ಆದ್ದರಿಂದ ಅಲ್ಲಿ ಮಾತ್ರ ಇನ್ನೊಂದು ಅಂಕಿ ಸೇರಿಸಿ: ಕಾವ್ಯಕ್ಕೆ 1, ನಾಟಕಕ್ಕೆ 2, ಕಥೆ ಕಾದಂಬರಿಗೆ 3, ಪ್ರಬಂಧಕ್ಕೆ 4. ಅಷ್ಟುದ್ದದ ಅಂಕಿಯನ್ನು ಬೆನ್ನಿನ ಮೇಲೆ ಬರೆಯುವ ಬದಲು ನಾಲ್ಕು ಬಣ್ಣದ ಪಟ್ಟಿ ಅಂಟಿಸಿದರೆ ಮಕ್ಕಳೂ ಪುಸ್ತಕವನ್ನು ಅದರ ಜಾಗಕ್ಕೆ ಮರಳಿ ಇಡುತ್ತಾರೆ. ವಚನಗಳು ಕಾವ್ಯವೋ ಧರ್ಮವೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಎಲ್ಲಾದರೂ ಒಂದು ಕಡೆ ಇಡಿ, ಎಲ್ಲ ವಚನ ಸಂಪುಟಗಳೂ ಅಲ್ಲೇ ಇರಲಿ.

ಬಣ್ಣದೊಳಗೆ ಲೇಖಕರ ಹೆಸರಿನ ಅಕ್ಷರಕ್ರಮ. ಓದುಗರು ಯಾವ ಹೆಸರಿನಿಂದ ಕೇಳುತ್ತಾರೋ ಆ ಹೆಸರಿನ ಮೊದಲ ಎರಡು ಅಕ್ಷರ ತೆಗೆದುಕೊಳ್ಳಿ. ಚೆನ್ನವೀರ ಕಣವಿ ‘ಕಣ’ದಲ್ಲಿ, ಬೇಂದ್ರೆ ‘ಬೇಂದ್ರೆ’ಯಲ್ಲಿ, ಕುವೆಂಪು ‘ಕುವೆಂ’ದಲ್ಲಿ ಇರಲಿ. ನಮ್ಮ ಕಡೆ ಅಡ್ಡಹೆಸರು ಕೊನೆಗೆ ಬರುತ್ತದೆ, ಮೈಸೂರು ಕಡೆಯವರಿಗೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಇರುತ್ತವೆ. ಎರಡಕ್ಕೂ ಒಂದೇ ಯಾಂತ್ರಿಕ ನಿಯಮ ಹಚ್ಚಿದರೆ ಪುಸ್ತಕ ಯಾರ ಕೈಗೂ ಸಿಗುವುದಿಲ್ಲ. ಗೊಂದಲವಾದ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ನಿಮ್ಮ ನಂತರ ಬರುವವರಿಗೂ ಬೇಕು.

ಚೀಟಿ ಅಂಟಿಸಲು ಫೆವಿಕಾಲ್ ಬಳಸಿ. ಮೈದಾ ಅಂಟು ಬಳಸಿದರೆ ಬೆಳ್ಳಿಹುಳ ಅದನ್ನು ತಿನ್ನಲು ಬರುತ್ತದೆ. ಬೈಂಡಿಂಗ್‌ನವರು ಅದಕ್ಕೆಂದೇ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಪುಸ್ತಕಕ್ಕೆ ಖಂಡಿತ ಬೇಡ. ಹರಿದ ಹಾಳೆಗೆ ಸೆಲ್ಲೋಟೇಪ್ ಕೂಡ ಬೇಡ. ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ, ಅಂಟು ಇಳಿದು, ಮುಂದಿನ ಪುಟವನ್ನೂ ಹಿಡಿದುಕೊಳ್ಳುತ್ತದೆ.

ನಿಮ್ಮ ತಾಲ್ಲೂಕಿನ ನೆಲದ ಬಗ್ಗೆ ಒಂದು ಮಾತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ, ನೆಲ ಎರಡೂ ಬಿರುಕು ಬಿಡುತ್ತವೆ. ಗೆದ್ದಲು ಬರುವುದು ಆ ಬಿರುಕಿನಿಂದಲೇ. ಕಪಾಟುಗಳನ್ನು ಗೋಡೆಯಿಂದ ಅರ್ಧ ಅಡಿ ಮುಂದೆ ಸರಿಸಿ, ಕೆಳಗೆ ನಾಲ್ಕು ಅಂಗುಲದ ಕಲ್ಲು ಅಥವಾ ಕಬ್ಬಿಣದ ಸ್ಟ್ಯಾಂಡ್ ಕೊಡಿ, ತಳದ ಹಲಗೆಯಲ್ಲಿ ಪುಸ್ತಕ ಇಡಬೇಡಿ. ತಿಂಗಳಿಗೊಮ್ಮೆ ಕಪಾಟಿನ ಹಿಂದೆ ಟಾರ್ಚ್ ಹಾಕಿ ನೋಡಿ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಅದೇ ಗೆದ್ದಲಿನ ದಾರಿ. ಬರೀ ಗೆರೆ ಕೆರೆದು ಹಾಕಿದರೆ ಇನ್ನೊಂದು ಕಡೆಯಿಂದ ಬರುತ್ತದೆ, ಬಿರುಕನ್ನು ಸಿಮೆಂಟಿನಿಂದ ಮುಚ್ಚಿಸಿ ಔಷಧಿ ಹೊಡೆಸಲು ಪಂಚಾಯಿತಿಗೆ ಅಂದೇ ಬರೆಯಿರಿ. ಸೋರಿ ನೆನೆದ ಪುಸ್ತಕವನ್ನು ಬಿಸಿಲಿಗೆ ಇಡಬೇಡಿ, ಹಾಳೆ ಸುರುಳಿಯಾಗುತ್ತದೆ. ಹತ್ತು ಹತ್ತು ಪುಟಕ್ಕೊಂದು ಒಣ ಕಾಗದ ಇಟ್ಟು ಫ್ಯಾನಿನ ಕೆಳಗೆ ನಿಲ್ಲಿಸಿ, ಕಾಗದವನ್ನು ಎರಡು ತಾಸಿಗೊಮ್ಮೆ ಬದಲಿಸಿ.

ಎರವಲು ಕೊಡುವ ಪದ್ಧತಿಯನ್ನು ಬದಲಿಸಿ. ತಾರೀಖಿನ ಪ್ರಕಾರ ಉದ್ದಕ್ಕೆ ಬರೆದುಕೊಂಡು ಹೋಗುವ ವಹಿಯಲ್ಲಿ, ಪುಸ್ತಕ ಮರಳಿದಾಗ ಆ ಸಾಲನ್ನು ಹುಡುಕಲು ಹಾಳೆ ತಿರುವಬೇಕು. ಯಾರು ತಡ ಮಾಡಿದ್ದಾರೆಂದು ತಿಳಿಯುವುದೂ ಕಷ್ಟ. ದಿನಕ್ಕೆ ಮೂರು ಪುಸ್ತಕ ಇದ್ದಾಗ ನಡೆದೀತು, ಮೂವತ್ತಾದರೆ ನಡೆಯದು. ಬದಲಿಗೆ ಪ್ರತಿ ಪುಸ್ತಕಕ್ಕೆ 3×5 ಅಂಗುಲದ ಒಂದು ದಪ್ಪ ಕಾರ್ಡ್, ಹಿಂದಿನ ರಟ್ಟಿನ ಒಳಗೆ ಅದನ್ನಿಡಲು ಕಾಗದದ ಕಿಸೆ, ಎದುರು ಹಾಳೆಯಲ್ಲಿ ತಾರೀಖಿನ ಚೀಟಿ. ಪುಸ್ತಕ ಕೊಡುವಾಗ ಕಾರ್ಡಿನಲ್ಲಿ ಸದಸ್ಯರ ಸಂಖ್ಯೆ ಮತ್ತು ಮರಳಿಸುವ ತಾರೀಖು, ಚೀಟಿಯಲ್ಲಿ ತಾರೀಖು ಮಾತ್ರ ಬರೆಯಿರಿ. ಕಾರ್ಡನ್ನು ತೆಗೆದು ಉದ್ದನೆಯ ಡಬ್ಬಿಯಲ್ಲಿ ಆ ತಾರೀಖಿನ ಹಿಂದೆ ನಿಲ್ಲಿಸಿ. ಪುಸ್ತಕ ಬಂದಾಗ ಚೀಟಿಯ ತಾರೀಖು ನೋಡಿ ಕಾರ್ಡ್ ತೆಗೆದು ಕಿಸೆಗೆ ಹಾಕಿದರೆ ಮುಗಿಯಿತು. ತಡವಾದವು ಡಬ್ಬಿಯ ಮುಂದಿನ ತುದಿಯಲ್ಲಿ ತಾವಾಗಿ ಉಳಿಯುತ್ತವೆ. 1,800ಕ್ಕೂ ಕಾರ್ಡ್ ಮಾಡಿಕೊಂಡೇ ಶುರು ಮಾಡುತ್ತೇನೆ ಎಂದು ಕೂರಬೇಡಿ. ಮೊದಲು ಬೇಡಿಕೆ ಇರುವ 400ಕ್ಕೆ ಮಾಡಿ, ಉಳಿದವುಗಳಿಗೆ ಮೊದಲ ಸಲ ಎರವಲು ಹೋಗುವಾಗ ಮಾಡಿದರಾಯಿತು. ಹಳೆಯ ಮದುವೆ ಕಾರ್ಡುಗಳ ಖಾಲಿ ಬದಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಅವಧಿ ಹದಿನೈದು ದಿನ, ಒಬ್ಬರಿಗೆ ಎರಡು ಪುಸ್ತಕ. ಜೂನ್ ಬಿತ್ತನೆ, ಆಗಸ್ಟ್‌ನ ಹೆಸರು ಸುಗ್ಗಿ, ಜನವರಿ-ಫೆಬ್ರುವರಿಯ ಕಡಲೆ-ಜೋಳದ ಸುಗ್ಗಿಯ ದಿನಗಳಲ್ಲಿ ಅದನ್ನು ಒಂದು ತಿಂಗಳಿಗೆ ಏರಿಸಿ. ದಂಡ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇಪ್ಪತ್ತು ರೂಪಾಯಿ ದಂಡಕ್ಕೆ ಅಂಜಿದವರು ಪುಸ್ತಕವನ್ನೂ ತರುವುದಿಲ್ಲ, ತಾವೂ ಬರುವುದಿಲ್ಲ. 6ರಿಂದ 18 ವರ್ಷದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುವುದು 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಬಂದ ಪದ್ಧತಿ. ಶಾಲೆಯ ಹಾಜರಿ ಪುಸ್ತಕ ಇಟ್ಟುಕೊಂಡು ಒಂದೇ ದಿನ ಎಲ್ಲರ ಹೆಸರೂ ಬರೆದುಕೊಳ್ಳಬಹುದು.

ಇನ್ನು ಬಾಗಿಲು ತೆರೆಯುವ ಹೊತ್ತು. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ ಎಂದು ನನಗನಿಸುತ್ತದೆ. ಎರಡು ವಾರ ಪ್ರತಿ ತಾಸಿಗೊಮ್ಮೆ ಒಳಗಿರುವವರನ್ನು ಎಣಿಸಿ ನಾಲ್ಕು ಕಾಲಂನಲ್ಲಿ ಬರೆಯಿರಿ: ಹಿರಿಯರು, ಯುವಕರು, ಹೆಣ್ಣುಮಕ್ಕಳು, ಮಕ್ಕಳು. ಸಂತೆಯ ದಿನಕ್ಕೆ ಬೇರೆ ಗುರುತು ಹಾಕಿ. ಹತ್ತೂವರೆಯಿಂದ ಐದೂವರೆವರೆಗೆ ತೆರೆದಿರುವ ಗ್ರಂಥಾಲಯ ಶಾಲೆಯ ಮಕ್ಕಳಿಗೂ ಹೊಲಕ್ಕೆ ಹೋಗುವವರಿಗೂ ಮುಚ್ಚಿದ ಹಾಗೆಯೇ. ಮುಂಜಾನೆ ಏಳರಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಏಳೂವರೆ ಎಂದು ಎರಡು ಪಾಳಿ ಮಾಡಿದರೆ ನಿಮ್ಮ ಒಟ್ಟು ತಾಸು ಹೆಚ್ಚುವುದಿಲ್ಲ, ಬರುವವರು ಬದಲಾಗುತ್ತಾರೆ. ಎಣಿಕೆಯ ಹಾಳೆ ಲಗತ್ತಿಸಿ ಪಂಚಾಯಿತಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧ್ಯಕ್ಷರು ಬದಲಾದ ದಿನ ಹೋಗುತ್ತದೆ.

ಮಕ್ಕಳಿಗೆ ಶನಿವಾರ ಒಳ್ಳೆಯ ದಿನ, ಮುಂಜಾನೆ ಶಾಲೆ ಬಿಟ್ಟ ಕೂಡಲೇ. ಇಪ್ಪತ್ತು ನಿಮಿಷ ಗಟ್ಟಿಯಾಗಿ ಎರಡು ಕಥೆ ಓದಿ ತೋರಿಸಿ, ಉಳಿದ ಹೊತ್ತು ಅವರೇ ಪುಸ್ತಕ ಆರಿಸಲಿ. ಇಪ್ಪತ್ತೈದು ಮಕ್ಕಳಿಗಿಂತ ಹೆಚ್ಚಾದರೆ ಚಿತ್ರ ಹಿಂದಿನವರಿಗೆ ಕಾಣುವುದಿಲ್ಲ, ಗದ್ದಲ ಶುರುವಾಗುತ್ತದೆ. ಎರಡು ಗುಂಪು ಮಾಡಿ. ನಲಿ-ಕಲಿಯ (ಒಂದರಿಂದ ಮೂರನೇ) ತರಗತಿಯ ಮಕ್ಕಳಿಗೆ ಪುಟಕ್ಕೆ ಎರಡು ಮೂರು ಸಾಲು, ದಪ್ಪಕ್ಷರ ಇರುವ ಪುಸ್ತಕ ಬೇಕು. ನಿಮ್ಮ ಕಪಾಟಿನಲ್ಲಿ ಮಕ್ಕಳ ಪುಸ್ತಕ ಎಂದು ಬರೆದಿರುವ ಬಹುಪಾಲು ಮಹಾಪುರುಷರ ಚರಿತ್ರೆಗಳು ಏಳನೇ ತರಗತಿ ಮೇಲ್ಪಟ್ಟವರಿಗೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅನುಮತಿ ಇದೆ. ಹೊಸ ಪುಸ್ತಕ ಬರುವವರೆಗೆ ಹತ್ತು ಹದಿನೈದು ಕಥೆ ಮುದ್ರಿಸಿ ಹೊಲಿದು ಇಟ್ಟುಕೊಳ್ಳಿ. ಏಪ್ರಿಲ್-ಮೇ ರಜೆಯಲ್ಲಿ ಮಕ್ಕಳ ಸಂಖ್ಯೆ ಏರುತ್ತದೆ. ಮಧ್ಯಾಹ್ನದ ಝಳ ಬಿಟ್ಟು ಮುಂಜಾನೆ ಏಳೂವರೆಗೇ ಕರೆಯಿರಿ.

ಹೆಣ್ಣುಮಕ್ಕಳು ಬರುತ್ತಿಲ್ಲ ಎಂಬುದಕ್ಕೆ ಬಾಗಿಲಲ್ಲಿ ಇಡೀ ದಿನ ಗಂಡುಮಕ್ಕಳು ಕೂತಿರುವುದು ಒಂದು ಕಾರಣ, ಹೊಲ-ಮನೆ ಕೆಲಸ ಇನ್ನೊಂದು. ಬನ್ನಿ ಎಂದು ಬೋರ್ಡ್ ಬರೆದರೆ ಆಗುವುದಿಲ್ಲ, ಪುಸ್ತಕವೇ ಹೋಗಬೇಕು. ಸ್ವಸಹಾಯ ಸಂಘದ ವಾರದ ಸಭೆಗೆ ಮೂವತ್ತು ಪುಸ್ತಕದ ಒಂದು ಚೀಲ ಒಯ್ಯಿರಿ. ಹಣ ಕಟ್ಟುವ ಲೆಕ್ಕ ಮುಗಿದ ಮೇಲೆ ಹದಿನೈದು ನಿಮಿಷ ಸಾಕು. ಕಥೆ, ಕಾದಂಬರಿ, ಅಡುಗೆ, ಹೊಲಿಗೆ, ಆರೋಗ್ಯ, ತತ್ತ್ವಪದ ಇರಲಿ. ಓದಲು ಬಾರದವರು ಮಕ್ಕಳಿಂದ ಓದಿಸಿಕೊಳ್ಳಲು ಒಯ್ಯುತ್ತಾರೆ. ಅದೂ ಎರವಲೇ, ಅವರ ಹೆಸರಿನಲ್ಲೇ ಬರೆಯಿರಿ. ಕಾಲೇಜಿಗೆ ಹೋಗುವ ಹುಡುಗಿಯರಿಗೆ ಒಳಗಿನ ಒಂದು ಮೇಜು ಕಾಯ್ದಿರಿಸಿ. ಶೌಚಾಲಯದ ಬಾಗಿಲಿಗೆ ಚಿಲಕ, ಒಳಗೆ ನೀರು ಇದೆಯೇ ನೋಡಿ. ಇಲ್ಲದಿದ್ದರೆ ಅವರು ಒಂದು ತಾಸಿಗಿಂತ ಹೆಚ್ಚು ಕೂರಲಾರರು.

ಪರೀಕ್ಷೆಗೆ ಓದುವ ಹುಡುಗರನ್ನು ಹೊರೆ ಎಂದು ಕಾಣಬೇಡಿ. ಧಾರವಾಡದಲ್ಲಿ ಕೋಣೆ ಬಾಡಿಗೆ, ಕೋಚಿಂಗ್ ಶುಲ್ಕ ಕಟ್ಟಲಾಗದವರಿಗೆ ಇರುವುದು ನಿಮ್ಮ ಕೋಣೆಯೊಂದೇ. ಅವರಿಗೆ ಬೇಕಾದದ್ದು ಕುರ್ಚಿ, ಬೆಳಕು, ಮೌನ. ಪುಸ್ತಕವನ್ನು ಬಹುಪಾಲು ತಾವೇ ತರುತ್ತಾರೆ. ಮಕ್ಕಳ ಹೊತ್ತಿನಲ್ಲಿ ಪಂಚಾಯಿತಿ ಸಭಾಂಗಣವನ್ನೋ ಸಮುದಾಯ ಭವನವನ್ನೋ ಅವರಿಗೆ ಬಿಡಿಸಿಕೊಡಲು ಕೇಳಿ. ಚೀಲ ಇಟ್ಟು ಅರ್ಧ ತಾಸು ಎದ್ದುಹೋದರೆ ಜಾಗ ಬೇರೆಯವರಿಗೆ ಎಂಬ ನಿಯಮ ಗೋಡೆಯ ಮೇಲಿರಲಿ. ಕೆಪಿಎಸ್‌ಸಿ, ಕೆಇಎ ಜಾಲತಾಣದಲ್ಲಿ ಸಿಗುವ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿ ಫೈಲ್ ಮಾಡಿ, ಗೈಡಿಗಿಂತ ಹೆಚ್ಚು ಬಳಕೆಯಾಗುತ್ತದೆ. ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಅರ್ಜಿ ತುಂಬಿದವರು ಲಾಗೌಟ್ ಆಗಿದ್ದಾರೆಯೇ, ಆಧಾರ್ ಪ್ರತಿ ಅಳಿಸಿದ್ದಾರೆಯೇ ಎಂದು ನೋಡುವುದು ನಿಮ್ಮ ಕೆಲಸ. ಯಾರ ಒಟಿಪಿಯನ್ನೂ ನೀವು ಕೇಳಬೇಡಿ. ಪೇಪರ್‌ಗಳಿಗೆ ಒಂದು ಸಣ್ಣ ಉಪಾಯ: ಹಾಳೆಗಳನ್ನು ಬಿಡಿಸಿ ಬೇರೆ ಬೇರೆ ಇಟ್ಟರೆ ಒಂದೇ ಪೇಪರನ್ನು ನಾಲ್ವರು ಒಟ್ಟಿಗೆ ಓದಬಹುದು.

ಈಗ ಹಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಗ್ರಂಥಾಲಯ ಕರ ಆಸ್ತಿ ತೆರಿಗೆಯ ಶೇ 6. ನಿಮ್ಮ ಪಂಚಾಯಿತಿಯ ತೆರಿಗೆ ರಸೀದಿಯಲ್ಲೇ ಅದು ಬೇರೆ ಸಾಲಾಗಿ ಇರುತ್ತದೆ. ವರ್ಷಕ್ಕೆ 5 ಲಕ್ಷ ರೂಪಾಯಿ ತೆರಿಗೆ ವಸೂಲಾದರೆ ಗ್ರಂಥಾಲಯ ಕರ 30,000. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಈ ಲೆಕ್ಕ ಕೇಳಬೇಕಾದ ಕಡೆ ನಿಮ್ಮ ಕಟ್ಟಡದ ಪಕ್ಕದಲ್ಲೇ ಇದೆ. ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ವಹಿಯಿಂದ ಕಳೆದ ಮೂರು ವರ್ಷದ ಅಂಕಿ ಬರೆದುಕೊಳ್ಳಿ. ಒಂದು ದಿನಪತ್ರಿಕೆ ದಿನಕ್ಕೆ 6 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 2,160 ಆಗುತ್ತದೆ. ಐದು ಪತ್ರಿಕೆಗೆ 10,800. ಪುಸ್ತಕಕ್ಕೆ ನಿಜವಾಗಿ ಉಳಿಯುವುದು ಎಷ್ಟು ಎಂದು ಆಗ ಗೊತ್ತಾಗುತ್ತದೆ.

ಉಳಿದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಪರೀಕ್ಷಾ ಪುಸ್ತಕಕ್ಕೆ ಹಾಕಬೇಡಿ, ಅವುಗಳ ಆಯುಷ್ಯ ಎರಡು ವರ್ಷ. ಅರ್ಧದಷ್ಟು ಮಕ್ಕಳಿಗೆ ಹೋಗಲಿ. ಅಂಗಡಿಯವರು ಕಟ್ಟಿಕೊಟ್ಟ ಸೆಟ್ ತೆಗೆದುಕೊಳ್ಳಬೇಡಿ, ಅದರಲ್ಲಿ ಮಾರಾಟವಾಗದೆ ಉಳಿದವೇ ಹೆಚ್ಚು. ಇವತ್ತಿನಿಂದಲೇ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಯಾರಾದರೂ ಕೇಳಿ ಸಿಗದೇ ಹೋದ ಪ್ರತಿ ಪುಸ್ತಕ, ಪ್ರತಿ ವಿಷಯ ಬರೆಯಿರಿ. ಮೆಣಸಿನಕಾಯಿ ರೋಗ, ಜಮೀನು ಪಾಲು ವಾಟ್ನಿ, ನಾಲ್ಕನೇ ತರಗತಿ ಭಿನ್ನರಾಶಿ, ಏನೇ ಇರಲಿ. ಕೃಷಿಗೆ ಸಂಬಂಧಿಸಿದ್ದಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಕಟಣೆಗಳನ್ನು ಮೊದಲು ನೋಡಿ, ಬೆಲೆ ಕಡಿಮೆ, ನಮ್ಮ ಮಣ್ಣಿಗೆ ಹೊಂದುವಂಥವು. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳನ್ನು ನವೆಂಬರ್‌ನ ರಿಯಾಯಿತಿಯಲ್ಲಿ ಕೊಳ್ಳಿ.

ಪಂಚಾಯಿತಿ ಸಭೆಗೆ ತಿಂಗಳಿಗೊಂದು ಹಾಳೆ ಕೊಡಿ: ಬಂದವರು, ಎರವಲು ಹೋದ ಪುಸ್ತಕಗಳು, ಹೊಸ ಸದಸ್ಯರು, ಕೇಳಿದರೂ ಸಿಗದ ಪುಸ್ತಕಗಳು. ಬಜೆಟ್ ಸಿದ್ಧವಾಗುವುದು ಫೆಬ್ರುವರಿ-ಮಾರ್ಚ್‌ನಲ್ಲಿ. ನಿಮ್ಮ ಬೇಡಿಕೆ ಪಟ್ಟಿ ಜನವರಿ ಸಭೆಗೆ ಹೋಗಬೇಕು. ಅದರ ಜೊತೆಗೆ ಮೂರು ತಿಂಗಳ ಈ ಹಾಳೆಗಳು, ತಾಳೆ ಪಟ್ಟಿ, ಗ್ರಂಥಾಲಯ ಕರದ ಲೆಕ್ಕ ಮೂರನ್ನೂ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.